ಹಿರಿಯರನ್ನು ಜಗಲಿಗೆ ಕಟ್ಟಿಹಾಕಬೇಡಿ

"ಅರವತ್ತಕ್ಕೆ ಅರಳು ಮರಳು" ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಮನೆಯ ಹಿರಿಯರು ಒಂದು ಹೆಸರನ್ನು ಮರೆತರೆ, ತಾವೇ ಇಟ್ಟ ಕುಡುಗೋಲನ್ನು ಮನೆಯೆಲ್ಲಾ ಹುಡುಕತೊಡಗಿದರೆ, ಬೆಳಿಗ್ಗೆ ಹೇಳಿದ್ದನ್ನೇ ಸಂಜೆ ಮತ್ತೆ ಹೇಳಿದರೆ, ಈ ಗಾದೆಯನ್ನು ಹೇಳಿ ನಕ್ಕು ಸುಮ್ಮನಾಗುತ್ತೇವೆ. ವಯಸ್ಸಾದ ಮೇಲೆ ಬುದ್ಧಿ ಮಂಕಾಗುವುದು ಮಳೆ ಬಿಸಿಲುಗಳ ಹಾಗೆ ನಮ್ಮ ಕೈಯಲ್ಲಿಲ್ಲದ ಸಂಗತಿ ಎಂಬ ನಂಬಿಕೆ ಈ ನಗುವಿನ ಹಿಂದೆ ಇದೆ. ಈ ನಂಬಿಕೆ ಅರ್ಧ ಮಾತ್ರ ನಿಜ. ಉಳಿದ ಅರ್ಧ ನಿಮ್ಮ ಮನೆಯಲ್ಲಿ ಹಿರಿಯರು ದಿನವನ್ನು ಹೇಗೆ ಕಳೆಯುತ್ತಾರೆ ಎಂಬುದನ್ನು ಅವಲಂಬಿಸಿದೆ. ಈ ಲೇಖನ ಅದನ್ನು ಕುರಿತದ್ದು.

ನಿಮ್ಮ ತಂದೆಯವರ ಇಪ್ಪತ್ತು ವರ್ಷಗಳ ಹಿಂದಿನ ದಿನಚರಿಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಕೋಳಿ ಕೂಗುವ ಹೊತ್ತಿಗೆ ಎದ್ದು ಕೊಟ್ಟಿಗೆಯ ಸಗಣಿ ಬಾಚಿ, ಹಾಲು ಕರೆದು, ಕ್ಯಾನು ಹಿಡಿದು ಡೈರಿಗೆ ನಡೆಯುತ್ತಿದ್ದರು. ಅಲ್ಲಿಂದ ಹೊಲಕ್ಕೆ. ಕರೆಂಟು ಯಾವ ಹೊತ್ತಿಗೆ ಬಂದರೂ ಪಂಪ್‌ಸೆಟ್ಟು ಹಾಕಲು ಹೋಗಬೇಕಿತ್ತು. ಮಡೆ ತಿರುವಿ ನೀರು ಕಟ್ಟಬೇಕಿತ್ತು. ಇಂದು ಮೊಬೈಲಿನಿಂದಲೇ ಮೋಟಾರು ಚಾಲೂ ಆಗುತ್ತದೆ. ಹನಿ ನೀರಾವರಿ ಬಂದು ಮಡೆ ತಿರುವುವ ಕೆಲಸ ಹೋಯಿತು. ಉಳುಮೆ ಟ್ರ್ಯಾಕ್ಟರಿನ ಪಾಲಾಯಿತು. ಡೈರಿಗೆ ಮಗ ಮೋಟಾರು ಸೈಕಲ್ಲಿನಲ್ಲಿ ಹೋಗಿ ಬರುತ್ತಾನೆ. ದನ ಮೇಯಿಸಲು ಹೋಗುವುದೂ ಇಲ್ಲ, ಮಿಶ್ರತಳಿಯ ಹಸು ಕೊಟ್ಟಿಗೆಯಲ್ಲೇ ನಿಂತು ಮೇಯುತ್ತದೆ. ನಿಮ್ಮ ತಾಯಿಯವರ ಕಡೆಗೆ ನೋಡಿದರೂ ಹಾಗೆಯೇ. ನೀರು ನಲ್ಲಿಯಲ್ಲಿ ಬಂತು, ಸೌದೆಯ ಜಾಗಕ್ಕೆ ಗ್ಯಾಸು ಬಂತು, ರುಬ್ಬುವ ಕಲ್ಲಿನ ಜಾಗಕ್ಕೆ ಗ್ರೈಂಡರು ಬಂತು.

ಇವೆಲ್ಲಾ ಬಂದದ್ದು ಒಳ್ಳೆಯದೇ. ಒನಕೆಯನ್ನೂ ಬೀಸುವ ಕಲ್ಲನ್ನೂ ಅಟ್ಟದಿಂದ ಇಳಿಸಿ ಎಂದು ನಾವು ಹೇಳುತ್ತಿಲ್ಲ. ಅವುಗಳಿಂದ ಎಷ್ಟು ಹೆಂಗಸರ ಬೆನ್ನು ಬಾಗಿತು ಎಂಬುದು ಯಾರಿಗೂ ಗೊತ್ತಿಲ್ಲದ ವಿಷಯವಲ್ಲ. ಆದರೆ ಆಗಿರುವುದೇನೆಂದರೆ, ಯಂತ್ರ ಬಂದಾಗ ಮೊದಲು ಬಿಡುವು ಸಿಕ್ಕಿದ್ದು ಮನೆಯ ಹಿರಿಯರಿಗೆ. ಅದರ ಮೇಲೆ ಮಕ್ಕಳ ಪ್ರೀತಿಯೂ ಸೇರಿತು. "ಇಷ್ಟು ವರ್ಷ ಗೇಯ್ದಿದ್ದು ಸಾಕು, ನೀನು ಕೂತ್ಕೊಳ್ಳಪ್ಪ" ಎಂದು ನೀವೂ ಹೇಳಿರುತ್ತೀರಿ. ನಮ್ಮಲ್ಲಿ ಹಿರಿಯರನ್ನು ಕೂರಿಸಿ ನೋಡಿಕೊಳ್ಳುವುದೇ ಗೌರವ. ಮುಪ್ಪಿನ ತಂದೆ ಹೊಲದಲ್ಲಿ ಕಂಡರೆ ಊರವರು ಮಗನನ್ನು ಆಡಿಕೊಳ್ಳುತ್ತಾರೆಂಬ ಅಂಜಿಕೆಯೂ ಉಂಟು. ಹೀಗೆ ಅವರು ಜಗಲಿಗೆ ಬಂದರು, ಜಗಲಿಯಿಂದ ಪ್ಲಾಸ್ಟಿಕ್ ಕುರ್ಚಿಗೆ, ಕುರ್ಚಿಯಿಂದ ಟಿ.ವಿ.ಯ ಮುಂದಕ್ಕೆ. ಇದು ವಿಶ್ರಾಂತಿ ಎಂದು ನಾವು ತಿಳಿದಿದ್ದೇವೆ. ಆದರೆ ಇದರಿಂದ ಕಾಲು ಮಾತ್ರವಲ್ಲ, ತಲೆಯೂ ದುರ್ಬಲವಾಗುವ ಸಂಭವವಿದೆ.

ಮರೆವಿನ ಕಾಯಿಲೆ ನಮ್ಮಲ್ಲಿ ಎಷ್ಟಿದೆ?

ವಯಸ್ಸಿನೊಂದಿಗೆ ಬರುವ ಸಣ್ಣಪುಟ್ಟ ಮರೆವೇ ಬೇರೆ, ಡಿಮೆನ್ಷಿಯ ಎಂಬ ಕಾಯಿಲೆಯೇ ಬೇರೆ. ಮೊದಲನೆಯದರಲ್ಲಿ ಹೆಸರು ತಡವಾಗಿ ನೆನಪಾಗುತ್ತದೆ, ಆದರೆ ನೆನಪಾಗುತ್ತದೆ. ಎರಡನೆಯದರಲ್ಲಿ ನೆನಪು, ಲೆಕ್ಕ, ದಾರಿ, ಮಾತು, ಸ್ವಭಾವ ಇವೆಲ್ಲವೂ ಕ್ರಮೇಣ ಕೆಟ್ಟು ದಿನನಿತ್ಯದ ಬದುಕಿಗೇ ಇನ್ನೊಬ್ಬರ ನೆರವು ಬೇಕಾಗುತ್ತದೆ. ನಮ್ಮ ದೇಶದಲ್ಲಿ ನಡೆಸಿದ ಒಂದು ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 60 ವರ್ಷ ದಾಟಿದವರಲ್ಲಿ ಶೇಕಡ 7.4ರಷ್ಟು ಜನ, ಅಂದರೆ ಸುಮಾರು 88 ಲಕ್ಷ ಮಂದಿ, ಈ ಕಾಯಿಲೆಯಿಂದ ಬಳಲುತ್ತಿದ್ದಾರೆಂದು ಅಂದಾಜು ಮಾಡಲಾಗಿದೆ. ಇದು ಪೇಟೆಯವರ ಕಾಯಿಲೆ ಎಂದು ಭಾವಿಸಿದವರಿಗೆ ಒಂದು ಮಾತು: ಪಟ್ಟಣಕ್ಕಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚಾಗಿ ಕಂಡುಬಂದಿದೆ.

ಹಳ್ಳಿಗಳ ಸ್ಥಿತಿಯನ್ನು ತಿಳಿಯುವ ಕೆಲಸ ನಮ್ಮ ರಾಜ್ಯದಲ್ಲೇ ನಡೆಯುತ್ತಿರುವುದು ಸಂತೋಷದ ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ದೀರ್ಘಕಾಲದ ಅಧ್ಯಯನವನ್ನು ಆರಂಭಿಸಿತು. 45 ವರ್ಷ ದಾಟಿದ 10,000 ಹಳ್ಳಿಗರನ್ನು ವರ್ಷ ವರ್ಷವೂ ಪರೀಕ್ಷಿಸಿ, ಅವರ ನೆನಪು, ರಕ್ತದೊತ್ತಡ, ಸಕ್ಕರೆ, ನಡಿಗೆ, ಊಟ ಮುಂತಾದುವು ಹೇಗೆ ಬದಲಾಗುತ್ತವೆಂದು ಕಂಡುಕೊಳ್ಳುವುದು ಇದರ ಗುರಿ. ಮಾವಿಗೆ ಹೆಸರಾದ ಈ ತಾಲ್ಲೂಕು ಈಗ ಮಿದುಳಿನ ವಿಜ್ಞಾನಕ್ಕೂ ಹೆಸರಾಗುತ್ತಿದೆ. ಓದು ಬರಹ ಬಾರದ ರೈತನ ಬುದ್ಧಿಶಕ್ತಿಯನ್ನು ಅಳೆಯುವುದು ಹೇಗೆ ಎಂಬುದೇ ಇಂಥ ಅಧ್ಯಯನಗಳಲ್ಲಿ ಮೊದಲ ತೊಡಕು. ಪೇಟೆಯ ವಿದ್ಯಾವಂತರಿಗಾಗಿ ಮಾಡಿದ ಪ್ರಶ್ನೆಪತ್ರಿಕೆಯನ್ನು ಕೈಗಿತ್ತರೆ, ಮಳೆ ನಕ್ಷತ್ರಗಳ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡ ಬೇಸಾಯಗಾರನೂ ದಡ್ಡನಾಗಿ ಕಾಣುತ್ತಾನೆ.

ಇನ್ನು ತಡೆಯುವ ಮಾತು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗವು 2024ರಲ್ಲಿ ನೀಡಿದ ವರದಿಯಲ್ಲಿ, ಪ್ರಪಂಚದ ಒಟ್ಟು ಡಿಮೆನ್ಷಿಯ ಪ್ರಕರಣಗಳಲ್ಲಿ ಶೇಕಡ 45ರಷ್ಟನ್ನು ತಡೆಯಲು ಇಲ್ಲವೆ ಮುಂದೂಡಲು ಸಾಧ್ಯವಿರಬಹುದೆಂದು ಹೇಳಿ, ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ದೈಹಿಕ ಚಟುವಟಿಕೆ ಇಲ್ಲದಿರುವುದು ಅವುಗಳಲ್ಲಿ ಒಂದು. ಪಟ್ಟಿಯಲ್ಲಿರುವ ಇನ್ನೂ ಕೆಲವು, ಅಂದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಖಿನ್ನತೆ, ಒಂಟಿತನ ಇವೂ ಸಹ ಕುಳಿತವರಲ್ಲಿ ಬಲಿಯುವಂಥವೇ ಎಂಬುದನ್ನು ಗಮನಿಸಿ.

ನಡಿಗೆಗೂ ನೆನಪಿಗೂ ಏನು ಸಂಬಂಧ?

ಮಿದುಳಿನ ತೂಕ ದೇಹದ ತೂಕದಲ್ಲಿ ಶೇಕಡ ಎರಡರಷ್ಟು ಮಾತ್ರ. ಆದರೆ ನಾವು ಉಸಿರಾಡಿ ಪಡೆಯುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಅದೊಂದೇ ಬಳಸಿಕೊಳ್ಳುತ್ತದೆ. ಇದನ್ನು ತಂದು ಕೊಡುವುದು ರಕ್ತ. ದೊಡ್ಡ ನಾಳಗಳಿಂದ ಸಣ್ಣ ನಾಳಗಳಿಗೆ, ಅಲ್ಲಿಂದ ಕೂದಲಿಗಿಂತ ಸಣ್ಣ ನಾಳಗಳಿಗೆ ಹರಿದು ಅದು ಮಿದುಳಿನ ಮೂಲೆಮೂಲೆಗೂ ತಲುಪಬೇಕು. ನಿಮ್ಮ ಹನಿ ನೀರಾವರಿಯ ಏರ್ಪಾಡನ್ನು ನೆನೆಯಿರಿ. ಮುಖ್ಯ ಪೈಪಿನಲ್ಲಿ ನೀರು ಜೋರಾಗಿಯೇ ಇರುತ್ತದೆ, ಆದರೆ ಕೊನೆಯ ಸಾಲಿನ ಗಿಡ ಬಾಡುತ್ತದೆ. ಲ್ಯಾಟರಲ್ ಕಟ್ಟಿಕೊಂಡಿರುವುದೇ ಕಾರಣ. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟುಗಳು ಮಿದುಳಿನ ಸಣ್ಣ ನಾಳಗಳಿಗೆ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ನಿತ್ಯ ನಡೆದಾಡುವವರಲ್ಲಿ ರಕ್ತದೊತ್ತಡವೂ ಸಕ್ಕರೆಯೂ ಹತೋಟಿಗೆ ಬರುವುದರಿಂದ ಈ ನಾಳಗಳು ಹೆಚ್ಚು ಕಾಲ ಚೆನ್ನಾಗಿರುತ್ತವೆ.

ಇದಲ್ಲದೆ ಇನ್ನೊಂದು ದಾರಿಯೂ ಇದೆ. ಹೊಸ ನೆನಪುಗಳನ್ನು ಕೂಡಿಡಲು ಬೇಕಾದ ಒಂದು ಭಾಗ ಮಿದುಳಿನ ಎರಡು ಪಕ್ಕಗಳಲ್ಲೂ ಒಳಗಡೆ ಇದೆ. ಮುಪ್ಪಿನಲ್ಲಿ ಇದು ವರ್ಷಕ್ಕೆ ಶೇಕಡ ಒಂದೆರಡರಷ್ಟು ಕುಗ್ಗುತ್ತಾ ಹೋಗುತ್ತದೆ. ಅಮೆರಿಕದಲ್ಲಿ 120 ಮಂದಿ ಹಿರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದು ವರ್ಷ ಕಾಲ ವಾರಕ್ಕೆ ಮೂರು ದಿನ ಚುರುಕಾಗಿ ನಡೆಯುವ ಅಭ್ಯಾಸವನ್ನೂ ಇನ್ನೊಂದು ಗುಂಪಿಗೆ ಮೈ ಚಾಚುವ ಹಗುರ ವ್ಯಾಯಾಮವನ್ನೂ ಕೊಡಲಾಯಿತು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನಡೆದವರಲ್ಲಿ ಈ ಭಾಗ ಕುಗ್ಗುವ ಬದಲು ಶೇಕಡ 2ರಷ್ಟು ದೊಡ್ಡದಾಗಿತ್ತು. ಇನ್ನೊಂದು ಗುಂಪಿನವರಲ್ಲಿ ಎಂದಿನಂತೆ ಕುಗ್ಗಿತ್ತು. ನರಕೋಶಗಳಿಗೆ ಗೊಬ್ಬರದಂತೆ ಒದಗುವ ಒಂದು ಪ್ರೋಟೀನು ರಕ್ತದಲ್ಲಿ ಹೆಚ್ಚಿದವರಲ್ಲಿ ಈ ಬೆಳವಣಿಗೆಯೂ ಹೆಚ್ಚಾಗಿತ್ತು.

ಆದರೆ ಹೊಸ ತಳಿಯ ಬೀಜ ಬಂದಾಗ ಒಂದು ತಾಕಿನ ಇಳುವರಿ ನೋಡಿ ಊರಿಗೆಲ್ಲಾ ಶಿಫಾರಸು ಮಾಡುವುದಿಲ್ಲ. ಇಲ್ಲಿಯೂ ಹಾಗೆಯೇ. ಅಮೆರಿಕದಲ್ಲೇ 70ರಿಂದ 89 ವರ್ಷದ, ಹೆಚ್ಚಾಗಿ ಕುಳಿತೇ ಇರುತ್ತಿದ್ದ 1,635 ಜನರ ಮೇಲೆ ಎರಡು ವರ್ಷ ನಡೆಸಿದ ಪ್ರಯೋಗದಲ್ಲಿ ವ್ಯಾಯಾಮ ಮಾಡಿದವರ ನಡೆದಾಡುವ ಶಕ್ತಿ ಹೆಚ್ಚು ಕಾಲ ಉಳಿಯಿತು. ಆದರೆ ನೆನಪಿನ ಪರೀಕ್ಷೆಯಲ್ಲಿ, ಆರೋಗ್ಯದ ಉಪನ್ಯಾಸಗಳನ್ನು ಮಾತ್ರ ಕೇಳಿದ ಗುಂಪಿಗೂ ಇವರಿಗೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲವೆಂದು 2015ರಲ್ಲಿ ವರದಿಯಾಯಿತು. 80 ದಾಟಿದವರಲ್ಲಿ ಮತ್ತು ಮೊದಲೇ ತುಂಬಾ ಬಲಹೀನರಾಗಿದ್ದವರಲ್ಲಿ ಮಾತ್ರ ಯೋಚಿಸಿ ತೀರ್ಮಾನಿಸುವ ಶಕ್ತಿಗೆ ಸ್ವಲ್ಪ ಅನುಕೂಲ ಕಂಡಿತು. ಅದೇ ವರ್ಷ ಫಿನ್ಲೆಂಡ್ ದೇಶದಿಂದ ಬಂದ ವರದಿ ಬೇರೆ ರೀತಿಯದು. ಅಲ್ಲಿ 60ರಿಂದ 77 ವರ್ಷದ 1,260 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವ್ಯಾಯಾಮದ ಜೊತೆಗೆ ಒಳ್ಳೆಯ ಊಟ, ಬುದ್ಧಿಗೆ ಕೆಲಸ, ರಕ್ತದೊತ್ತಡ ಮುಂತಾದುವುಗಳ ತಪಾಸಣೆ ಇವೆಲ್ಲವನ್ನೂ ಒಟ್ಟಿಗೆ ಕೊಟ್ಟರು. ಎರಡು ವರ್ಷಗಳ ನಂತರ ಆ ಗುಂಪಿನವರು ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಉಳಿದವರಿಗಿಂತ ಮುಂದಿದ್ದರು. ಬರೀ ಯೂರಿಯಾ ಎರಚುವುದಕ್ಕೂ, ಕೊಟ್ಟಿಗೆ ಗೊಬ್ಬರ, ನೀರು, ಕಳೆ ತೆಗೆಯುವುದು ಇವೆಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡುವುದಕ್ಕೂ ಇರುವ ವ್ಯತ್ಯಾಸವೇ ಇದು.

ಕಾಯಿಲೆ ಆಗಲೇ ಹಿಡಿದವರ ವಿಷಯದಲ್ಲಿ ಇನ್ನೂ ಎಚ್ಚರದಿಂದ ಮಾತಾಡಬೇಕು. ಇಂಗ್ಲೆಂಡಿನಲ್ಲಿ ಅಂಥವರಿಗೆ ಸಾಕಷ್ಟು ಕಠಿಣ ವ್ಯಾಯಾಮ ಮಾಡಿಸಿ ನೋಡಿದಾಗ ಮೈಯ ಶಕ್ತಿ ಹೆಚ್ಚಿತೇ ಹೊರತು ಮರೆವಿನ ಓಟ ನಿಧಾನವಾಗಲಿಲ್ಲವೆಂದು 2018ರಲ್ಲಿ ತಿಳಿದುಬಂತು. ಆದುದರಿಂದ "ನಡೆದರೆ ಮರೆವು ವಾಸಿ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಡಿಗೆ ಬೇಲಿ ಇದ್ದ ಹಾಗೆ. ದನ ಒಳನುಗ್ಗುವ ಮೊದಲು ಹಾಕಿದರೆ ಪ್ರಯೋಜನ ಹೆಚ್ಚು. ಹಾಗೆಂದು ಕಾಯಿಲೆ ಇದ್ದವರನ್ನು ಮಂಚಕ್ಕೆ ಹಾಕಬೇಕೆಂದಲ್ಲ. ಜೊತೆಗೊಬ್ಬರು ಇದ್ದು ದಿನವೂ ಸ್ವಲ್ಪ ನಡೆಸಿದರೆ ಕಾಲಿನ ಶಕ್ತಿ ಉಳಿದು ಅವರಿಗೂ ಅನುಕೂಲ, ನೋಡಿಕೊಳ್ಳುವವರಿಗೂ ಅನುಕೂಲ.

ಚಟುವಟಿಕೆ ಬೇರೆ, ಗೇಯ್ಮೆ ಬೇರೆ

ಇಷ್ಟನ್ನು ಓದಿ ಯಾರಾದರೂ ನಾಳೆ ಬೆಳಿಗ್ಗೆಯೇ ತಂದೆಯ ಕೈಗೆ ಹಾರೆ ಕೊಟ್ಟು, ತೆಂಗಿನ ಗುಂಡಿ ತೋಡಲು ಕಳಿಸಿಯಾರೆಂಬ ಭಯ ನಮಗುಂಟು! ದಯವಿಟ್ಟು ಹಾಗೆ ಮಾಡಬೇಡಿ. ಜೀವಮಾನವೆಲ್ಲಾ ಮೈಮುರಿದು ದುಡಿಯುವುದರಿಂದ ಬುದ್ಧಿ ಚುರುಕಾಗಿ ಉಳಿಯುತ್ತದೆಂಬುದಕ್ಕೆ ಆಧಾರವಿಲ್ಲ. ನಾರ್ವೆ ದೇಶದಿಂದ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದುಡಿಯುವ ವಯಸ್ಸಿನಲ್ಲಿ ದೇಹಕ್ಕೆ ಭಾರಿ ಶ್ರಮವಾಗುವ ಉದ್ಯೋಗಗಳಲ್ಲಿದ್ದವರಿಗೆ ಮುಪ್ಪಿನಲ್ಲಿ ಮರೆವಿನ ಕಾಯಿಲೆಯ ಸಂಭವ ಹೆಚ್ಚಾಗಿಯೇ ಕಂಡುಬಂದಿದೆ. ಕೂಲಿಯ ದುಡಿಮೆಯಲ್ಲಿ ದಣಿವಾದಾಗ ನಿಲ್ಲುವ ಸ್ವಾತಂತ್ರ್ಯವಿರುವುದಿಲ್ಲ, ಆರಿಸಿಕೊಳ್ಳುವ ಹಕ್ಕೂ ಇರುವುದಿಲ್ಲ. ಜೊತೆಗೆ ಬಡತನ, ಕಡಿಮೆ ವಿದ್ಯೆ, ಕೊರತೆಯ ಊಟ ಇವೂ ಸೇರಿರುತ್ತವೆ. ಇವುಗಳಲ್ಲಿ ಯಾವುದು ಎಷ್ಟರ ಮಟ್ಟಿಗೆ ಕಾರಣ ಎಂಬುದು ಇನ್ನೂ ಚರ್ಚೆಯಲ್ಲಿದೆ. ನಾವು ಹೇಳುತ್ತಿರುವ ಚಟುವಟಿಕೆಯಲ್ಲಿ ಅವರು ತಮ್ಮ ಇಷ್ಟದಂತೆ ಆರಂಭಿಸಿ, ಸಾಕೆನಿಸಿದಾಗ ನಿಲ್ಲಿಸಬಹುದು. ಮಾಡಿ ಮುಗಿಸಿದ ಮೇಲೆ ಮೈ ಹಗುರವಾಗಿರಬೇಕು, ಮರುದಿನ ಏಳಲಾಗದಂತಿರಬಾರದು.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಮಾಡಿರುವ ಶಿಫಾರಸಿನ ಪ್ರಕಾರ 65 ವರ್ಷ ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ, ಸಾಧ್ಯವಾದರೆ 300 ನಿಮಿಷದವರೆಗೆ, ಮಧ್ಯಮ ಬಿರುಸಿನ ಚಟುವಟಿಕೆ ಮಾಡಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಎಂದು ಸುಲಭವಾಗಿ ನೆನಪಿಡಬಹುದು. ಬಿರುಸನ್ನು ಅಳೆಯಲು ಯಾವ ಯಂತ್ರವೂ ಬೇಡ. ನಡೆಯುತ್ತಾ ಜೊತೆಯವರೊಡನೆ ಮಾತಾಡಲು ಆಗಬೇಕು, ಆದರೆ ಪದ ಹಾಡಲು ಉಸಿರು ಸಾಲಬಾರದು. ಅದೇ ಸರಿಯಾದ ಬಿರುಸು. ಅರ್ಧ ಗಂಟೆಯನ್ನು ಒಟ್ಟಿಗೇ ಮಾಡಬೇಕೆಂದೂ ಇಲ್ಲ, ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ ಆದರೂ ಸರಿಯೇ. ಇದರ ಜೊತೆಗೆ ವಾರಕ್ಕೆ ಎರಡು ದಿನ ಮಾಂಸಖಂಡಗಳಿಗೆ ಬಲ ಕೊಡುವ ಕೆಲಸವೂ, ಮೂರು ದಿನ ದೇಹದ ಸಮತೋಲ ಕಾಯುವ ಅಭ್ಯಾಸವೂ ಇರಬೇಕು.

ಇಷ್ಟು ಆಗದವರು ಬೇಸರಪಟ್ಟು ಪೂರ್ತಿ ಬಿಡಬಾರದು. ಇಂಗ್ಲೆಂಡಿನಲ್ಲಿ 40ರಿಂದ 79 ವರ್ಷದ 78,000ಕ್ಕೂ ಹೆಚ್ಚು ಜನರ ಮಣಿಕಟ್ಟಿಗೆ ಹೆಜ್ಜೆ ಎಣಿಸುವ ಸಾಧನ ಕಟ್ಟಿ, ಅವರನ್ನು ಹಲವು ವರ್ಷ ಗಮನಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ದಿನಕ್ಕೆ 9,800 ಹೆಜ್ಜೆಗಳ ಆಸುಪಾಸಿನಲ್ಲಿ ನಡೆಯುವವರಿಗೆ ಮರೆವಿನ ಕಾಯಿಲೆಯ ಸಂಭವ ಅರ್ಧದಷ್ಟು ಕಡಿಮೆ ಇತ್ತು. 3,800 ಹೆಜ್ಜೆ ಮಾತ್ರ ನಡೆಯುವವರಲ್ಲಿಯೂ ಅದು ಶೇಕಡ 25ರಷ್ಟು ಕಡಿಮೆ ಇತ್ತು. ಚೆನ್ನಾಗಿರುವವರೇ ಹೆಚ್ಚು ನಡೆಯುತ್ತಾರೆಂಬುದೂ ಇದರಲ್ಲಿ ಸೇರಿರಬಹುದಾದ್ದರಿಂದ ಈ ಲೆಕ್ಕವನ್ನು ಅಕ್ಷರಶಃ ಹಿಡಿಯಬೇಕಾಗಿಲ್ಲ. ಆದರೂ 3,800 ಹೆಜ್ಜೆ ಎಂದರೆ ಮುದುಕರ ನಡಿಗೆಯಲ್ಲಿ ಎರಡೂವರೆ ಕಿಲೋಮೀಟರಿನೊಳಗೇ ಆಯಿತು. ಊರ ಮುಂದಿನ ಅರಳಿಕಟ್ಟೆಗೆ, ಡೈರಿಗೆ, ಹೊಲಕ್ಕೆ ಒಂದೊಂದು ಸಲ ಹೋಗಿ ಬಂದರೆ ಹೆಚ್ಚಿನ ಊರುಗಳಲ್ಲಿ ಇಷ್ಟು ಪೂರೈಸುತ್ತದೆ.

ವ್ಯಾಯಾಮವೆಂದರೆ ಒಲ್ಲೆ, ಕೆಲಸವೆಂದರೆ ಸರಿ

"ಅಪ್ಪ, ವಾಕಿಂಗ್ ಹೋಗು" ಎಂದರೆ ನಮ್ಮ ಹಳ್ಳಿಯ ಹಿರಿಯರು ಕೇಳುವುದಿಲ್ಲ. ಕಾರಣವಿಲ್ಲದೆ ದಾರಿಯಲ್ಲಿ ಹೋಗಿ ಬರುವುದು ಅವರಿಗೆ ನಗೆಪಾಟಲಾಗಿ ಕಾಣುತ್ತದೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಆದುದರಿಂದ ನಡಿಗೆಯನ್ನು ಕೆಲಸದೊಳಗೆ ಇಟ್ಟು ಕೊಡುವುದೇ ಜಾಣತನ. ಎಂಥ ಕೆಲಸ ಕೊಡಬೇಕು ಎಂಬುದರಲ್ಲಿ ಸ್ವಲ್ಪ ವಿವೇಚನೆ ಬೇಕು.

ಹಾಲಿನ ಡೈರಿಯನ್ನೇ ತೆಗೆದುಕೊಳ್ಳಿ. ದಿನಕ್ಕೆ ಎರಡು ಸಲ ತಪ್ಪದೆ ನಡೆಯಬೇಕು. ಕೈಯಲ್ಲಿ ಎರಡು ಮೂರು ಲೀಟರಿನ ಭಾರ ಇರುತ್ತದೆ. ಸಾಲಿನಲ್ಲಿ ನಾಲ್ಕು ಜನ ಸಿಗುತ್ತಾರೆ, ಮಳೆ, ಬೆಲೆ, ಮದುವೆಗಳ ಮಾತು ಆಗುತ್ತದೆ. ಡಿಗ್ರಿ ಎಷ್ಟು ಬಂತು, ಎಷ್ಟು ಲೀಟರು, ಬಟವಾಡೆಗೆ ಎಷ್ಟು ದುಡ್ಡು ಎಂದು ತಲೆಯಲ್ಲಿ ಲೆಕ್ಕ ಹಾಕಬೇಕಾಗುತ್ತದೆ. ನಡಿಗೆ, ಜನರ ಸಂಗ, ಬುದ್ಧಿಗೆ ಕೆಲಸ, ಈ ಮೂರೂ ಒಟ್ಟಿಗೆ ಸಿಗುವ ಕಡೆ ಡೈರಿಗಿಂತ ಬೇರೊಂದು ಹಳ್ಳಿಯಲ್ಲಿ ಸಿಗುವುದು ಕಷ್ಟ. ಮೋಟಾರು ಸೈಕಲ್ಲಿನಲ್ಲಿ ಹೋಗಿ ಐದು ನಿಮಿಷ ಉಳಿಸುವ ಮಗ, ತಂದೆಯಿಂದ ಕಿತ್ತುಕೊಳ್ಳುವುದು ಇಷ್ಟನ್ನೂ. ಕ್ಯಾನು ಭಾರವಾದರೆ ಅರ್ಧ ಹಾಲನ್ನು ಮಗ ಒಯ್ಯಲಿ, ಪಾಸ್‌ಪುಸ್ತಕ ಮತ್ತು ಉಳಿದರ್ಧ ತಂದೆಯ ಕೈಯಲ್ಲಿರಲಿ.

ರೇಷ್ಮೆ ಸಾಕುವ ಮನೆಗಳಲ್ಲಿ ಹಣ್ಣಾದ ಹುಳುಗಳನ್ನು ಆಯ್ದು ಚಂದ್ರಿಕೆಗೆ ಬಿಡುವ ಕೆಲಸ ಹಿರಿಯರ ಕೈಗೆ ಚೆನ್ನಾಗಿ ಒಗ್ಗುತ್ತದೆ. ಕಣ್ಣಿಗೆ, ಬೆರಳಿಗೆ, ತೀರ್ಮಾನಕ್ಕೆ ಒಟ್ಟಿಗೆ ಕೆಲಸ. ಮಾವಿನ ತೋಟವಿದ್ದವರು ದಿನಕ್ಕೊಮ್ಮೆ ತೋಟ ಸುತ್ತಿ ಹೂವು, ಕಾಯಿ, ಜಿಗಿಹುಳು ಇವುಗಳ ಸ್ಥಿತಿಯನ್ನು ನೋಡಿ ಬಂದು ವರದಿ ಹೇಳುವ ಹೊಣೆಯನ್ನು ಹಿರಿಯರಿಗೆ ವಹಿಸಬಹುದು. ಟೊಮೆಟೊ ಬೆಳೆಯಲ್ಲಿ ರೋಗ ಮೊದಲು ಯಾವ ಮೂಲೆಯಲ್ಲಿ ಕಾಣಿಸಿತೆಂಬುದನ್ನು ಅನುಭವಸ್ಥರ ಕಣ್ಣು ಬೇಗ ಹಿಡಿಯುತ್ತದೆ. ಆದರೆ ಔಷಧಿ ಸಿಂಪಡಿಸುವ ಕೆಲಸವನ್ನು ಮಾತ್ರ ಅವರಿಗೆ ಎಂದೂ ಕೊಡಬೇಡಿ, ಸಿಂಪಡಿಸುವಾಗ ಹತ್ತಿರವೂ ಬಿಡಬೇಡಿ. ಕೀಟನಾಶಕಗಳಲ್ಲಿ ಹಲವು ನರಗಳ ಮೇಲೆಯೇ ಕೆಲಸ ಮಾಡುವಂಥವು.

ಹೆಂಗಸರ ವಿಷಯದಲ್ಲಿ ಒಂದು ಮೋಸವಿದೆ. "ನಮ್ಮ ಅಮ್ಮ ದಿನವೆಲ್ಲಾ ಕೆಲಸ ಮಾಡುತ್ತಲೇ ಇರುತ್ತಾರೆ" ಎಂದು ಎಲ್ಲರೂ ಹೇಳುತ್ತಾರೆ. ನೋಡಿದರೆ ಅವರೆಕಾಯಿ ಸುಲಿಯುವುದು, ಹುಣಸೆಹಣ್ಣು ಬಿಡಿಸುವುದು, ಅಕ್ಕಿ ಆರಿಸುವುದು, ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸುವುದು, ಎಲ್ಲವೂ ಕುಳಿತೇ ಮಾಡುವ ಕೆಲಸ. ಕೈ ಬಿಡುವಿಲ್ಲ, ಕಾಲು ಕದಲುವುದಿಲ್ಲ. ಅವರಿಗೆ ಹಿತ್ತಲಿನಲ್ಲಿ ಒಂದು ಸೊಪ್ಪಿನ ಮಡಿ, ನಾಲ್ಕು ಕೋಳಿ, ಹೂವಿನ ಗಿಡ ಇವನ್ನು ಅವರ ಹೆಸರಿಗೇ ಬಿಟ್ಟುಕೊಡಿ. ಬಗ್ಗಿ ನೆಲದ ಮೇಲೆ ಕೂರಲು ಮಂಡಿ ಒಪ್ಪದಿದ್ದರೆ ಮಡಿಯನ್ನು ಕಲ್ಲು ಕಟ್ಟಿ ಸೊಂಟದೆತ್ತರಕ್ಕೆ ಏರಿಸಬಹುದು. ಸಂಜೆ ಓರಗೆಯವರೊಡನೆ ಗುಡಿಗೆ ಹೋಗಿ ಬರುವುದನ್ನು ಹರಟೆಯೆಂದು ಹೀಗಳೆಯಬೇಡಿ. ಇನ್ನು ಕೋಲಾಟದ ಮಾತು. ಹೆಜ್ಜೆ, ತಾಳ, ಸುತ್ತು, ಎದುರಿನವರ ಕೋಲು, ಬಾಯಲ್ಲಿ ಪದ, ಇಷ್ಟನ್ನೂ ಒಮ್ಮೆಗೇ ನಡೆಸುವ ಕೋಲಾಟಕ್ಕಿಂತ ಒಳ್ಳೆಯ ಮಿದುಳಿನ ವ್ಯಾಯಾಮವನ್ನು ಹುಡುಕಿಕೊಂಡು ಪೇಟೆಗೆ ಹೋಗಬೇಕಾಗಿಲ್ಲ. ಊರಿನಲ್ಲಿ ತಂಡ ಒಡೆದು ಹೋಗಿದ್ದರೆ ಸ್ವಸಹಾಯ ಸಂಘದವರು ಮತ್ತೆ ಕಟ್ಟಬಹುದು. ಹಳೆಯ ಪದಗಳು ಗೊತ್ತಿರುವುದು ಅಜ್ಜಿಯರಿಗೇ ಆದ್ದರಿಂದ ಅವರೇ ಗುರುಗಳಾಗುತ್ತಾರೆ.

ಕೆಲಸ ಯಾವುದೇ ಆಗಲಿ, ಒಂದು ಸೂಕ್ಷ್ಮವನ್ನು ಮರೆಯಬಾರದು. ಕೊಟ್ಟ ಕೆಲಸ ನಿಜವಾದ ಕೆಲಸವಾಗಿರಬೇಕು. ಅವರು ಕಟ್ಟಿದ ಹಗ್ಗವನ್ನು ಹಿಂದಿನಿಂದ ಹೋಗಿ ನೀವು ಬಿಚ್ಚಿ ಕಟ್ಟಿದರೆ, ಅವರು ಆರಿಸಿಟ್ಟ ಬೀಜವನ್ನು ಸೊಸೆ ಮತ್ತೆ ಆರಿಸಿದರೆ, ಅದು ಅವರಿಗೆ ತಿಳಿಯದೆ ಇರುವುದಿಲ್ಲ. ಮಾರನೆಯ ದಿನ "ಮಂಡಿ ನೋವು" ಎಂದು ಕುರ್ಚಿಯಲ್ಲಿ ಕೂತುಬಿಡುತ್ತಾರೆ. ನಿಧಾನವಾದರೂ ಆಗಲಿ, ಒಂದೆರಡು ತಪ್ಪಾದರೂ ಆಗಲಿ, ಅದು ಅವರ ಕೆಲಸವಾಗಿಯೇ ಉಳಿಯಲಿ.

ಮಂಡಿ ನೋವು ನಿಜವಾಗಿಯೇ ಇರುವವರೂ ಬಹಳ. ನೋವಿದೆಯೆಂದು ಪೂರ್ತಿ ಕೂತರೆ ತೊಡೆಯ ಮಾಂಸಖಂಡ ಕರಗಿ ಮಂಡಿಯ ಮೇಲೆ ಭಾರ ಇನ್ನೂ ಹೆಚ್ಚುತ್ತದೆ. ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಐದು ಸಲದಿಂದ ಆರಂಭಿಸಿ ಹತ್ತು ಸಲಕ್ಕೆ ಏರಿಸಲಿ. ಕೈ ಊರದೆ ಆಗದಿದ್ದರೆ ಮೊದಮೊದಲು ಊರಿಯೇ ಏಳಲಿ. ಜಗಲಿಯ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕಂಬ ಹಿಡಿದೇ ಒಂದು ಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲುವುದು, ಗೋಡೆಯ ಪಕ್ಕದಲ್ಲಿ ಒಂದು ಪಾದದ ಮುಂದೆ ಇನ್ನೊಂದು ಪಾದವಿಟ್ಟು ಗೆರೆಯ ಮೇಲೆ ನಡೆಯುವುದು, ಇವೆಲ್ಲಾ ಟಿ.ವಿ. ನೋಡುತ್ತಲೇ ಮಾಡುವಂಥವು. ಮೊಮ್ಮಕ್ಕಳನ್ನು ಎಣಿಸಲು ಬಿಟ್ಟರೆ ಆಟವೂ ಆಯಿತು.

ಬೀಳದಂತೆ ನೋಡಿಕೊಳ್ಳಿ

ಹಿರಿಯರು ಒಮ್ಮೆ ಬಿದ್ದು ತೊಡೆಯ ಮೂಳೆ ಮುರಿದರೆ, ಕಟ್ಟಿ ಬೆಳೆಸಿದ ಶಕ್ತಿಯೆಲ್ಲಾ ಮಂಚದ ಮೇಲೆ ಕರಗಿಹೋಗುತ್ತದೆ. ತಲೆಗೆ ಬಿದ್ದ ಪೆಟ್ಟಂತೂ ಮರೆವಿನ ಕಾಯಿಲೆಗೆ ನೇರವಾಗಿಯೇ ಒಂದು ಕಾರಣ. ನಮ್ಮ ಮನೆಗಳಲ್ಲಿ ಬೀಳುವ ಜಾಗಗಳು ಹೊರಗಿನವರಿಗಿಂತ ನಿಮಗೇ ಚೆನ್ನಾಗಿ ಗೊತ್ತು: ಪಾಚಿ ಕಟ್ಟಿದ ಬಚ್ಚಲು, ಗಂಜಲ ಹರಿದ ಕೊಟ್ಟಿಗೆಯ ಚಪ್ಪಡಿ, ಬಾಗಿಲಿಗೆ ಅಡ್ಡವಾಗಿ ಕಟ್ಟಿದ ಕರುವಿನ ಹಗ್ಗ, ಹೊಸದಾಗಿ ಹಾಕಿದ ನುಣ್ಣನೆಯ ಟೈಲ್ಸು, ಮಳೆಯಲ್ಲಿ ನೆನೆದ ಬದು. ಒಂದು ದಿನ ಕೂತು ಇವನ್ನು ಸರಿಪಡಿಸಿ. ಬಚ್ಚಲಲ್ಲೂ ಕಕ್ಕಸಿನಲ್ಲೂ ಹಿಡಿದುಕೊಳ್ಳಲು ಕಬ್ಬಿಣದ ಸರಳೊಂದನ್ನು ಗೋಡೆಗೆ ಹಾಕಿಸಿದರೆ ಖರ್ಚು ಹೆಚ್ಚೇನೂ ಆಗುವುದಿಲ್ಲ. ರಾತ್ರಿ ಎದ್ದು ಹೋಗುವ ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯಲಿ. ಹವಾಯಿ ಚಪ್ಪಲಿಗಿಂತ ಹಿಂದೆ ಪಟ್ಟಿ ಇರುವ ಚಪ್ಪಲಿ ಮೇಲು. ಸಕ್ಕರೆ ಕಾಯಿಲೆಯಿದ್ದವರು ಬರಿಗಾಲಲ್ಲಿ ಹೊಲಕ್ಕೆ ಹೋಗಲೇಬಾರದು. ಮುಳ್ಳು ಚುಚ್ಚಿದ್ದು ತಿಳಿಯದೆ ಹುಣ್ಣಾಗುತ್ತದೆ. ಅಂಥವರು ಏನಾದರೂ ತಿಂದೇ ನಡೆಯಲು ಹೊರಡಬೇಕು, ಜೇಬಿನಲ್ಲಿ ಅಥವಾ ಸೆರಗಿನ ಗಂಟಿನಲ್ಲಿ ಒಂದು ಚೂರು ಬೆಲ್ಲ ಇರಬೇಕು. ಬಿ.ಪಿ. ಮಾತ್ರೆ ನುಂಗುವವರು ಮಲಗಿದ್ದವರು ತಟ್ಟನೆ ಏಳದೆ, ಸ್ವಲ್ಪ ಹೊತ್ತು ಕೂತು ನಂತರ ನಿಲ್ಲಬೇಕು. ಬೇಸಿಗೆಯಲ್ಲಿ ಹೊರಗಿನ ಓಡಾಟ ಬೆಳಿಗ್ಗೆ ಹತ್ತರೊಳಗೆ, ಇಲ್ಲವೆ ಬಿಸಿಲು ಇಳಿದ ಮೇಲೆ. ಬಾಯಾರಿಕೆ ಆಗದಿದ್ದರೂ ನೀರು ಮಜ್ಜಿಗೆ ಕುಡಿಯುತ್ತಿರಬೇಕು, ಮುಪ್ಪಿನಲ್ಲಿ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ.

ಕಣ್ಣಿನ ಪೊರೆಯನ್ನು ತೆಗೆಸದೆ, ಕಿವಿಯ ಮಂದವನ್ನು ನೋಡದೆ ಚಟುವಟಿಕೆಯ ಮಾತಾಡಿ ಪ್ರಯೋಜನವಿಲ್ಲ. ಕಾಣದವರು ಬೀಳುವ ಭಯದಿಂದ ಹೊರಗೆ ಬರುವುದಿಲ್ಲ. ಕೇಳದವರು ನಾಲ್ಕು ಜನರಲ್ಲಿ ಕೂರಲು ನಾಚುತ್ತಾರೆ. ಎಷ್ಟೋ ಸಲ ನಾವು ಅರಳು ಮರಳು ಎಂದುಕೊಂಡದ್ದು ಬರೀ ಕಿವುಡಾಗಿರುತ್ತದೆ! ಲ್ಯಾನ್ಸೆಟ್ ಆಯೋಗದ ಪಟ್ಟಿಯಲ್ಲಿ ದೃಷ್ಟಿಮಾಂದ್ಯ, ಶ್ರವಣಮಾಂದ್ಯ ಎರಡೂ ಸೇರಿವೆ.

ವೈದ್ಯರಿಗೆ ಯಾವಾಗ ತೋರಿಸಬೇಕು?

ದಿನವೂ ಓಡಾಡುವ ದಾರಿಯೇ ತಪ್ಪಿದರೆ, ಸಂತೆಯ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವರು ಚಿಲ್ಲರೆ ಎಣಿಸಲು ತಡವರಿಸಿದರೆ, ಸಾರಿಗೆ ಎರಡೆರಡು ಸಲ ಉಪ್ಪು ಹಾಕುವುದು ರೂಢಿಯಾದರೆ, ಅರ್ಧ ಗಂಟೆಯಲ್ಲಿ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದರೆ, ಶಾಂತ ಸ್ವಭಾವದವರು ಸುಮ್ಮನೆ ಸಂಶಯಪಡತೊಡಗಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ಗ್ರಂಥಿಯ ದೋಷ, ಬಿ-12 ಜೀವಸತ್ವದ ಕೊರತೆ, ಖಿನ್ನತೆ, ಕೆಲವು ಔಷಧಿಗಳ ಅಡ್ಡ ಪರಿಣಾಮ ಇವುಗಳಿಂದಲೂ ಮರೆವು ಬರುತ್ತದೆ. ಇಂಥ ಮರೆವನ್ನು ಚಿಕಿತ್ಸೆಯಿಂದ ಸರಿಪಡಿಸಬಹುದು. ಸಂಗಾತಿ ತೀರಿಕೊಂಡ ಮೇಲೆ ಊಟ ಮಾತು ಬಿಟ್ಟು ಮೂಲೆ ಸೇರಿದವರಲ್ಲಿ ಖಿನ್ನತೆಯನ್ನು ಮುಖ್ಯವಾಗಿ ಗಮನಿಸಿ. ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲಿ ಗೊಂದಲ ಆರಂಭವಾದರೆ ಅದು ಮುಪ್ಪಲ್ಲ, ಸೋಂಕು, ನಿರ್ಜಲತೆ ಮುಂತಾದ ಬೇರೆ ತೊಂದರೆ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮುಖ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಮೇಲೇಳದಿರುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣಗಳು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುವುದರಿಂದ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನು ಮಾಡಿ. ನಡೆಯುವಾಗ ಎದೆ ಹಿಡಿದುಕೊಂಡರೂ ಹಾಗೆಯೇ.

ನಮ್ಮ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸಂಸ್ಥೆ ಸೇರಿ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದವು. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಇದರ ಚಿಕಿತ್ಸಾಲಯ ಯಾವ ದಿನ ನಡೆಯುತ್ತದೆಂದು ಆಶಾ ಕಾರ್ಯಕರ್ತೆಯರಿಂದ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ವಿಚಾರಿಸಿಕೊಳ್ಳಿ. ಹಿರಿಯ ನಾಗರಿಕರ ಸಹಾಯವಾಣಿಯ ಸಂಖ್ಯೆ 14567. ಆಸ್ಪತ್ರೆಗೆ ಹೋಗುವಾಗ ಅವರು ನುಂಗುತ್ತಿರುವ ಎಲ್ಲಾ ಮಾತ್ರೆಗಳನ್ನೂ, ನಾಟಿ ಔಷಧಿಯ ಪೊಟ್ಟಣವಿದ್ದರೆ ಅದನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮರೆವು ಯಾವಾಗ ಆರಂಭವಾಯಿತು, ಮೊದಲು ಯಾವ ಕೆಲಸದಲ್ಲಿ ಕಾಣಿಸಿತು ಎಂಬುದನ್ನು ಮನೆಯವರು ಮೊದಲೇ ಮಾತಾಡಿಕೊಂಡು ಬರೆದಿಟ್ಟುಕೊಂಡರೆ ವೈದ್ಯರಿಗೆ ಅನುಕೂಲವಾಗುತ್ತದೆ.